ನನ್ನ ಊಟದ ಹೊತ್ತು ಹೋದ ಬಗೆ

2019ರಲ್ಲಿ ನಾನು ಮಹಾರಾಷ್ಟ್ರದ ಗಡಿ ಊರಾದ ಉದಗೀರದ ಕಾಲೇಜೊಂದರಲ್ಲಿ ರಾಜ್ಯಶಾಸ್ತ್ರದ ಪ್ರಾಧ್ಯಾಪಕನಾಗಿದ್ದೆ. ನಿವೃತ್ತಿ ಹತ್ತಿರವಾಗಿತ್ತು. ಬಿ.ಎ. ಮೊದಲ ವರ್ಷದವರಿಗೆ ಪ್ರಜಾಪ್ರಭುತ್ವವೆಂದರೇನು ಎಂದು ಹೇಳಿಕೊಡುವುದು ನನ್ನ ಪಾಲಿಗಿತ್ತು. ಪಾಠ ಮರಾಠಿಯಲ್ಲಿ, ಅರ್ಧ ವರ್ಗದ ಮನೆಮಾತು ಕನ್ನಡವಾದ್ದರಿಂದ ಜಗಳವೆಲ್ಲ ಕನ್ನಡದಲ್ಲಿ.

ಆ ವರ್ಷದ ಜಗಳ ವೇಳಾಪಟ್ಟಿಯದು. ನನ್ನ ಪಾಠ ಬೆಳಿಗ್ಗೆ ಎಂಟಕ್ಕೆ. ಹುಡುಗರಲ್ಲಿ ಹೆಚ್ಚಿನವರು ಆ ಹೊತ್ತಿಗೆ ದಲಾಲರ ಆಡತ ಅಂಗಡಿಗಳಲ್ಲಿ ಧಾನ್ಯ ತೂಗುವ ಕೆಲಸಕ್ಕೆ ಹೋಗುತ್ತಿದ್ದರು. ಪಾಠವನ್ನು ಸಂಜೆಗೆ ಹಾಕಿ ಎಂದು ಅವರ ಮುಂದಾಳು ಶಿವರಾಜ ಕೇಳಿದ. ನಿಲಂಗಾ ದಾರಿಯ ಹಳ್ಳಿಯಿಂದ ಬರುತ್ತಿದ್ದ ಮಹಾದೇವಿಗೆ ಅದು ಆಗದ ಮಾತು. ಸಂಜೆ ಪಾಠ ಮುಗಿಯುವಷ್ಟರಲ್ಲಿ ಅವಳೂರಿನ ಕೊನೆಯ ಎಸ್‌ಟಿ ಬಸ್ಸು ಹೊರಟುಹೋಗಿರುತ್ತಿತ್ತು. ಕತ್ತಲಾದ ಮೇಲೆ ಮನೆಗೆ ಬಂದರೆ ಕಾಲೇಜು ಬಂದ್ ಎಂದು ಅವಳ ತಂದೆ ಮೊದಲೇ ಹೇಳಿದ್ದರು. ಪಾಠ ಬಿಟ್ಟರೆ ಹಾಜರಿ ಸಾಲದೆ ಪರೀಕ್ಷೆಯೂ ಇಲ್ಲ.

"ಮತ ಹಾಕೋಣ್ರಿ ಸರ್, ನೀವೇ ಕಲಿಸೀರಲ್ಲ," ಎಂದ ಶಿವರಾಜ.

ಕೈಗಳು ಎದ್ದವು. ಸಂಜೆಯ ಪಕ್ಷ ಭಾರೀ ಬಹುಮತದಿಂದ ಗೆದ್ದಿತು. ಹುಡುಗರು ಬೆಂಚು ಬಡಿದರು. ಮಹಾದೇವಿ ಎದ್ದು ನಿಂತಳು. ಅಳುತ್ತಾಳೆ ಅಂದುಕೊಂಡೆ, ಅಳಲಿಲ್ಲ.

"ನಾ ಸೋತೀನ್ರಿ ಸರ್, ಒಪ್ತೀನಿ. ಆದ್ರ ಸೋತವ್ರು ವರ್ಗಾನೇ ಬಿಟ್ಟು ಹೋಗಬೇಕೇನ್ರಿ?"

ಬಹುಮತ, ಅಲ್ಪಸಂಖ್ಯಾತರ ಹಕ್ಕು ಎಂದು ನಾನು ವರ್ಷಗಟ್ಟಲೆ ಹಲಗೆಯ ಮೇಲೆ ಬರೆದದ್ದನ್ನೆಲ್ಲ ಈ ಹುಡುಗಿ ಒಂದೇ ಉಸಿರಿಗೆ ಕೇಳಿಬಿಟ್ಟಿದ್ದಳು. ನನಗೆ ಹೆಮ್ಮೆಯೆನಿಸಿತು.

ಶಿವರಾಜ ತಲೆ ಕೆರೆದುಕೊಂಡ. "ಹಂಗಂದ್ರ ಹೆಂಗ, ತಂಗಿ? ಮುಂಜಾನಿ ಬಂದ್ರ ನಮ್ಮ ಕೆಲಸ ಹೋಗ್ತದ." ಆಮೇಲೆ ನನ್ನ ಕಡೆ ತಿರುಗಿದ. "ಮಧ್ಯಾಹ್ನ ಊಟದ ಸುಟ್ಟಿ ಖಾಲಿ ಅದ ಅಲ್ರೀ ಸರ್?"

ಖಾಲಿಯಂತೆ! ಆ ಹೊತ್ತಿಗೆ ನಾನು ಮನೆಗೆ ಹೋಗಿ ಬಿಸಿ ಊಟ ಮಾಡಿ ಒಂದಿಷ್ಟು ಅಡ್ಡಾಗುತ್ತಿದ್ದೆ. ನನ್ನನ್ನು ಯಾರೂ ಕೇಳಲಿಲ್ಲ. ಮತ್ತೆ ಕೈಗಳು ಎದ್ದವು, ಈ ಸಲ ಎಲ್ಲರವೂ. ಪ್ರಾಂಶುಪಾಲರು ನಗುತ್ತಲೇ ಒಪ್ಪಿಗೆ ಕೊಟ್ಟರು.

ಮರುದಿನದಿಂದ ಡಬ್ಬಿ ಬಿಚ್ಚಿಕೊಂಡೇ ಪಾಠ. ಶೇಂಗಾ ಚಟ್ನಿಯ ವಾಸನೆಯ ನಡುವೆ ಸಾರ್ವಭೌಮತ್ವ ಕಲಿಸಿದೆ. ಮೊದಲ ದಿನವೇ ಮಹಾದೇವಿ ನನ್ನ ಮೇಜಿನ ಮೇಲೆ ಎರಡು ರೊಟ್ಟಿ ಇಟ್ಟಳು.

"ತಗೋರಿ ಸರ್. ಈ ಸಲ ನೀವು ಸೋತೀರಿ."

ಕೈ ಎಣಿಸುವುದು ಸುಲಭ. ಎಣಿಸಿದ ಮೇಲೂ ಸೋತವರು ಅದೇ ಬೆಂಚಿನ ಮೇಲೆ ಕೂತಿರುವಂತೆ ನೋಡಿಕೊಳ್ಳುವುದೇ ನನ್ನ ವಿಷಯದ ಕಷ್ಟದ ಭಾಗವೆಂದು ಆ ವರ್ಗ ನನಗೆ ಕಲಿಸಿತು. ಈಗ ನಿವೃತ್ತ. ದಿನಾ ಮನೆಯಲ್ಲೇ ಬಿಸಿ ಊಟ, ಮೇಲೊಂದು ನಿದ್ದೆ. ಆದರೂ ಮಧ್ಯಾಹ್ನವಾದರೆ ಆ ತಣ್ಣನೆಯ ರೊಟ್ಟಿಗೇ ಮನಸ್ಸು ಎಳೆಯುತ್ತದೆ.