ಜರಡಿ ಅಕ್ಕ

ಮಗುವಿನ ತೂಕ ಹಾಕಿದರೆ ಔಷಧದ ಪ್ರಮಾಣ ಹೇಳುವ ಪ್ರೋಗ್ರಾಮನ್ನು ಅವಳು ಬರೆದದ್ದು ತನ್ನ ಔಷಧದಂಗಡಿಯ ಕೌಂಟರಿನ ಹಿಂದೆ ಕೂತು. ಯಾರು ಬೇಕಾದರೂ ಬಳಸಲಿ, ತಿದ್ದಲಿ ಎಂದು ಬಿಟ್ಟುಕೊಟ್ಟಳು. ಈಗ ಅದು ಎಷ್ಟೋ ಆಸ್ಪತ್ರೆಗಳಲ್ಲಿದೆ. ಮುಖ ಕಾಣದ ಜನ ತಿದ್ದುಪಡಿ ಕಳಿಸುತ್ತಾರೆ. ಅವು ಮೊದಲು ಟ್ರಯಲ್ ಬ್ರಾಂಚ್ ಎಂಬ ಪರೀಕ್ಷೆಯ ಪ್ರತಿಯಲ್ಲಿ ವಾರಗಟ್ಟಲೆ ಕೊಳೆಯಬೇಕು. ಇನ್ನೊಬ್ಬರ ಕಣ್ಣು ಬಿದ್ದ ಮೇಲೆಯೇ ಆಸ್ಪತ್ರೆಗಳಿಗೆ ಹೋಗುವ ಅಸಲು ಪ್ರತಿಗೆ, ಮೇನ್ ಬ್ರಾಂಚಿಗೆ, ಪ್ರವೇಶ. ಅದಕ್ಕೇ ಅವರೆಲ್ಲ ಅವಳನ್ನು ಕರೆಯುವುದು ಜರಡಿ ಅಕ್ಕ ಎಂದು.

ಜರಡಿ ಹರಿದದ್ದು ಮನೆಯೊಳಗೇ.

"ಅತ್ತಿಗೆ, ನಾಳೆ ಇಂಟರ್‌ವ್ಯೂ. ನಾನು ಕಳಿಸಿದ ತಿದ್ದುಪಡಿ ಇನ್ನೂ ಟ್ರಯಲ್‌ನಲ್ಲೇ ಇದೆ, ನನ್ನ ಕೋಡು ಆಸ್ಪತ್ರೇಲಿ ಓಡ್ತಿದೆ ಅಂತ ಅರ್ಜೀಲಿ ಬರೆದುಬಿಟ್ಟಿದೀನಿ. ಮನೆಯವ್ರಿಗೂ ಕ್ಯೂನಾ?" ಎಂದ ಮೈದುನ.

"ಊರಿಗೆಲ್ಲ ಉಪಕಾರಿ, ಮನೆಗೆ ಮಾತ್ರ ಮಾರಿ," ಎಂದರು ಅತ್ತೆ, ಗೋಡೆಗೆ ಹೇಳುವಂತೆ.

ಅವಳು ಅವನ ಕೋಡಿಗೆ ಹತ್ತು, ಹದಿನೈದು, ಇಪ್ಪತ್ತು ಕಿಲೋ ಹಾಕಿ ನೋಡಿದಳು. ಲೆಕ್ಕ ಸರಿಯಿತ್ತು. ನೇರ ಮೇನ್ ಬ್ರಾಂಚಿಗೇ ಸೇರಿಸಿದಳು.

ಬೆಳಿಗ್ಗೆ, ದೂರದಲ್ಲೆಲ್ಲೋ ಕೂತು ಎಲ್ಲರ ಕೋಡು ಪರೀಕ್ಷಿಸುವ, 'ಗೂಬೆ' ಎಂದೇ ಹೆಸರಾದ ಗೆಳೆಯನ ಸಂದೇಶ ಬಂತು: "ಅಕ್ಕಾ, ಇದನ್ನ ನೋಡಿದ್ದು ಯಾರು? ಒಂದೂವರೆ ಕಿಲೋ ಕೂಸನ್ನ ಎರಡು ಕಿಲೋ ಅಂತ ಹಿಡೀತಿದೆ."

ಹಾಕಿ ನೋಡಿದಳು. ನಿಜ. ಔಷಧ ಮೂರನೇ ಒಂದು ಪಾಲು ಹೆಚ್ಚು ಬೀಳುತ್ತಿತ್ತು.

ಮೈದುನ ಇಸ್ತ್ರಿ ಮಾಡಿದ ಅಂಗಿಯಲ್ಲಿ ಬಾಗಿಲಲ್ಲಿ ನಿಂತಿದ್ದ. "ಆಸ್ಪತ್ರೆಗಳಿಗೆ ರಿಲೀಸು ಮಧ್ಯಾಹ್ನ ತಾನೆ? ನನ್ನ ಇಂಟರ್‌ವ್ಯೂ ಮುಗೀಲಿ, ಆಮೇಲೆ ತೆಗೀರಿ. ಅವ್ರು ತೆರೆದು ನೋಡ್ತಾರೆ, ಅತ್ತಿಗೆ. ನಿಮ್ಮ ದಮ್ಮಯ್ಯ."

ಅವಳ ಕೈ ತಡೆಯಿತು. ಅಷ್ಟರಲ್ಲಿ ಗೂಬೆ ಮತ್ತೆ ಬರೆದ: "ಮೂರು ಶಿಶು ವಾರ್ಡು ರಿಲೀಸಿಗೆ ಕಾಯಲ್ಲ, ಮೇನ್‌ನಿಂದ ನೇರ ಎಳ್ಕೊಳ್ತವೆ. ಮರೆತ್ರಾ?"

ತೆಗೆದಳು. ಕಾರಣದ ಜಾಗದಲ್ಲಿ, ಎಲ್ಲರೂ ಓದುವಂತೆ ಬರೆದಳು: 'ನನ್ನ ಮೈದುನನ ಕೋಡೆಂದು ಯಾರಿಗೂ ತೋರಿಸದೆ ಒಳಬಿಟ್ಟೆ. ತಪ್ಪು ನನ್ನದು.'

"ನನ್ನ ಹೆಸರು?"

"ಅಳಿಸೋಕೆ ಬರಲ್ಲಪ್ಪ. ಹಾಕಿದ್ದೂ ಇರುತ್ತೆ, ತೆಗೆದಿದ್ದೂ ಇರುತ್ತೆ."

ಅವನು ಬರುತ್ತೇನೆ ಎನ್ನದೆ ಹೊರಟುಹೋದ. ಅತ್ತೆ ಬಾಗಿಲಿಗೆ ಬಂದು ನಿಂತದ್ದು ಕಂಡರೂ ತಿರುಗಿ ನೋಡಲು ಅವಳಿಗೆ ಪುರಸೊತ್ತಿರಲಿಲ್ಲ. ಆ ವಾರ್ಡುಗಳಿಗೆ ಫೋನು ಹಚ್ಚುತ್ತಿದ್ದಳು. ಎರಡು ಕಡೆ ಆ ಲೆಕ್ಕದ ಔಷಧ ಇನ್ನೂ ಯಾರಿಗೂ ಕೊಟ್ಟಿರಲಿಲ್ಲ. ಮೂರನೆಯದು ಬಹಳ ಹೊತ್ತು ರಿಂಗಾಯಿತು.

"ಹೇಳಿ ಬೇಗ," ಎಂದಳು ನರ್ಸು. "ಔಷಧ ಕೊಡೋಕೆ ಹೊರಟಿದೀನಿ. ಜೋರಾಗಿ ಹೇಳಿ, ಕೂಸು ಅಳ್ತಿದೆ, ಕೇಳ್ಸಲ್ಲ."

ಅವಳು ಜೋರಾಗಿಯೇ ಹೇಳಿದಳು.