ಕಮಾನಿನ ಈಚೆ

ಮ್ಯಾನ್‌ಹ್ಯಾಟನ್‌ನ ಉತ್ತರದ ತುದಿಯಲ್ಲಿ, ನದಿಯ ಮೇಲಿನ ಗುಡ್ಡದಲ್ಲಿ ಒಂದು ಮ್ಯೂಸಿಯಂ ಇದೆ. ಯೂರೋಪಿನ ಹಳೆಯ ಚರ್ಚುಗಳ ಕಲ್ಲುಗಳನ್ನು ಹಡಗಿನಲ್ಲಿ ತಂದು ಅಲ್ಲಿ ಮತ್ತೆ ಜೋಡಿಸಿದ್ದಾರೆ. ಮಾನ್ಮತ್ ಜಂಕ್ಷನ್‌ನ ತನ್ನ ಮನೆಯಿಂದ ಮಗಳು ಡ್ರೈವ್ ಮಾಡಿಕೊಂಡು ಕರೆದೊಯ್ದಳು. ಬ್ರಿಜ್ ಮೇಲೆ ಒಂದೇ ಸಮನೆ ಟ್ರಾಫಿಕ್ಕು.

ಒಂದು ಬಾಗಿಲ ಮುಂದೆ ನನ್ನ ಕಾಲು ನಿಂತಿತು. ದುಂಡಗಿನ ಕಮಾನು, ಒಂದರೊಳಗೊಂದು ಮೂರು ಸಾಲು. ಚೂಪು ತುದಿಯ ಗೋಥಿಕ್ ಆಮೇಲೆ ಬಂದದ್ದು, ಇದು ರೋಮನೆಸ್ಕ್ ಎಂದು ಬೋರ್ಡಿನಲ್ಲಿತ್ತು. ನನಗೆ ಬೋರ್ಡು ಬೇಕಿರಲಿಲ್ಲ. ಮೈಸೂರಿನ ನಮ್ಮ ಕಾನ್ವೆಂಟಿನ ಚಾಪೆಲ್‌ಗೂ ಇಂಥದೇ ಕಮಾನಿತ್ತು, ಇಟ್ಟಿಗೆಯಲ್ಲಿ ಕಟ್ಟಿ ಸುಣ್ಣ ಬಳಿದದ್ದು. ನೋಡಿಕೊಂಡರೆ ಶೂಸ್ ಬಿಚ್ಚಿ ಕೈಯಲ್ಲಿ ಹಿಡಿದಿದ್ದೆ.

“ಅಮ್ಮಾ, ಹಾಕ್ಕೋ. ಇದು ಮ್ಯೂಸಿಯಂ. ಗಾರ್ಡ್ ನೋಡ್ತಿದಾನೆ.”

“ನೋಡ್ಲಿ ಬಿಡು. ನಮ್ಮ ಮದರ್ ಸುಪೀರಿಯರ್‌ಗಿಂತ ಜೋರೇನಲ್ಲ ಅವನು.”

ದಿನಾ ಬೆಳಿಗ್ಗೆ ಕ್ಯಾಥೊಲಿಕ್ ಹುಡುಗಿಯರು ಬಾಗಿಲಲ್ಲಿ ಶೂಸ್ ಬಿಚ್ಚಿಟ್ಟು ಆ ಕಮಾನಿನಡಿ ಒಳಗೆ ಹೋಗುತ್ತಿದ್ದರು. ಹಿಂದೂ ಹುಡುಗಿಯರಿಗೆ ಪಕ್ಕದ ಕ್ಲಾಸಿನಲ್ಲಿ ಮಾರಲ್ ಸೈನ್ಸ್. ನನ್ನ ಗೆಳತಿ ಒಳಗೆ, ನಾನು ಹೊರಗೆ. ಹೊರಬಂದವಳೇ ನನ್ನ ಡಬ್ಬಿಯ ಅವಲಕ್ಕಿಗೆ ಕೈ ಹಾಕುವಳು. ಹತ್ತು ವರ್ಷ ಹೀಗೇ ನಡೆಯಿತು.

“ಸಿಸ್ಟರ್ ಆಗ್ತೀನಿ ಕಣೇ. ಅವತ್ತು ನೀನು ಬರಲೇಬೇಕು,” ಎಂದಳು ಒಂದು ದಿನ.

“ಮದುವೆಗಾದ್ರೆ ಬರ್ತಿದ್ದೆ,” ಎಂದೆ.

ಆದರೂ ಹೋದೆ. ಹೋಗಿ ಕಮಾನಿನ ಈಚೆ ನಿಂತೆ. ಕ್ರೈಸ್ತ ಮದುವಣಗಿತ್ತಿಯಂತೆ ಬಿಳಿ ಸೀರೆ ಉಟ್ಟು ಒಳಗೆ ನಡೆಯುತ್ತಿದ್ದವಳು ಒಮ್ಮೆ ತಿರುಗಿ, ಬಾ ಎಂದು ತಲೆ ಸನ್ನೆಯಲ್ಲೇ ಕರೆದಳು. ನಾನು ಒಳಗೆ ಹೋಗಲಿಲ್ಲ. ಮನೆಯಲ್ಲಿ ಬೇಡವೆಂದಿದ್ದರು ಎಂದೇ ಇಷ್ಟು ವರ್ಷ ಎಲ್ಲರಿಗೂ ಹೇಳಿದ್ದೇನೆ. ಸುಳ್ಳು. ನನ್ನನ್ನು ಬಿಟ್ಟು ಹೊರಟಳಲ್ಲ ಎಂಬ ಸಿಟ್ಟು, ಪ್ಯೂರ್ ಸಿಟ್ಟು. ಹಾಡು ಶುರುವಾಗುವ ಮೊದಲೇ ಗೇಟು ದಾಟಿದ್ದೆ.

ಈಗ ಶೂಸ್ ಹಾಕಿಕೊಂಡು ಈ ಕಮಾನಿನ ಕೆಳಗೆ ನಡೆದೆ. ಐದೇ ಹೆಜ್ಜೆ. ಆಚೆ ತಣ್ಣನೆಯ ಹಾಲ್, ಒಂದು ಬೆಂಚು. ಕೂತು ಮಗಳಿಗೆ ಎಲ್ಲ ಹೇಳಿದೆ.

“ಅದಕ್ಕೇನಮ್ಮ, ಹುಡುಕೋಣ. ಎಲ್ಲಾ ಕಾನ್ವೆಂಟ್‌ಗೂ ವೆಬ್‌ಸೈಟ್ ಇರತ್ತೆ. ಹೆಸರು ಹೇಳು,” ಎಂದು ಫೋನ್ ತೆಗೆದಳು.

ಶಾಲೆಯಲ್ಲಿ ಅವಳಿಗಿದ್ದ ಹೆಸರು ನನಗೆ ಗೊತ್ತು. ಆ ಹೆಸರಿಗೆ ಬರೆದ ಕಾಗದ, ಇಂಥ ಹೆಸರಿನವರು ಯಾರೂ ಇಲ್ಲವೆಂದು ಹಿಂದೊಮ್ಮೆ ವಾಪಸು ಬಂದಿತ್ತು. ಆಗೆಲ್ಲ ಸಿಸ್ಟರ್ ಆಗುವವರಿಗೆ ಅಂದೇ ಆಲ್ಟರ್ ಪೀಠದ ಮುಂದೆ ಹೊಸ ಹೆಸರು ಇಡುತ್ತಿದ್ದರು. ಅವತ್ತು ಒಳಗಿದ್ದವರೆಲ್ಲ ಅವಳ ಹೊಸ ಹೆಸರು ಕೇಳಿಸಿಕೊಂಡರು.

ಮಗಳು ‘ಸಿಸ್ಟರ್’ ಎಂದು ಟೈಪ್ ಮಾಡಿ, ನನ್ನ ಮುಖ ನೋಡುತ್ತ ಕಾದಳು.