ನೀರು ಹಾಕದ ಸಾಲು

ನಮ್ಮ ಚಿಕ್ಕಮ್ಮ ವಿಜ್ಞಾನದ ಟೀಚರು. ಅವಳ ಸೀಮೆಸುಣ್ಣದ ಡಬ್ಬಿಯಲ್ಲಿ ಸೀಮೆಸುಣ್ಣಕ್ಕಿಂತ ಬೀನ್ಸ್ ಬೀಜವೇ ಹೆಚ್ಚು. ಇಪ್ಪತ್ತೆರಡು ವರ್ಷ ಪಾಠ ಮಾಡಿದ್ದು ಶಾಲೆಯ ಹಿತ್ತಲಿನಲ್ಲಿ. ಮಕ್ಕಳಿಟ್ಟ ಹೆಸರು ‘ಮಣ್ಣು ಟೀಚರ್’. ಪ್ರತಿ ವರ್ಷ ಎರಡು ಸಾಲು ಬೀನ್ಸ್ ಹಾಕಿಸುತ್ತಿದ್ದಳು. ಮೊಳೆತ ಮೇಲೆ ಒಂದು ಸಾಲಿಗೆ ದಿನಾ ನೀರು, ಇನ್ನೊಂದಕ್ಕೆ ಒಂದು ತೊಟ್ಟೂ ಇಲ್ಲ.

ಒಂದು ಸಲ, ಶಿಕ್ಷಣ ಇಲಾಖೆಯ ಸಾಹೇಬರು ತಪಾಸಣೆಗೆ ಬರುವ ಹಿಂದಿನ ದಿನ, ಒಣಗಿ ನಿಂತ ಸಾಲನ್ನು ಕಂಡು ಹೆಡ್‌ಮಾಸ್ತರರ ಪಿತ್ತ ನೆತ್ತಿಗೇರಿತು.

“ಮಾನ ಕಳೀಬೇಡಿ ಮೇಡಂ, ಇದನ್ನ ಮೊದ್ಲು ಕಿತ್ತು ಹಾಕ್ಸಿ.”

“ಕಿತ್ರೆ ಅರ್ಧ ಪಾಠಾನೇ ಕಿತ್ತ ಹಾಗೆ. ಯಾರು ಮುಟ್ತಾರೋ ನಾನೂ ನೋಡ್ತೀನಿ!” ಎಂದು ಚಿಕ್ಕಮ್ಮ ಗುದ್ದಲಿ ಹಿಡಿದು ಅಡ್ಡ ನಿಂತಳು.

ಮರುದಿನ ಸಾಹೇಬರು ಮೂಗು ಮುರಿದರು. “ಏನ್ರೀ ಇದು, ಗಿಡ ಸಾಯಿಸೋದು ಕಲಿಸ್ತೀರಾ?”

ಚಿಕ್ಕಮ್ಮ ಬಾಯಿ ತೆರೆಯುವ ಮೊದಲೇ ಆರನೇ ಕ್ಲಾಸಿನ ಹುಡುಗಿಯೊಬ್ಬಳು ಮುಂದೆ ಬಂದಳು. “ಇದು ಸಾಯದೇ ಇದ್ದಿದ್ರೆ, ಅದು ನೀರಿಂದ್ಲೇ ಬದುಕಿದೆ ಅಂತ ಹೇಗೆ ಗೊತ್ತಾಗ್ತಿತ್ತು ಸಾರ್?”

ಸಂಜೆ ಸಾಹೇಬರು, ಗಿಡ ಒಣಗಿಸಿದ್ದಕ್ಕೆ ಕಾರಣ ಕೇಳಿ ಚಿಕ್ಕಮ್ಮನ ಕೈಗೆ ಮೆಮೊ ಕೊಟ್ಟರು. ಅವಳು ಅದನ್ನು ಮಗುಚಿ, ಹಿಂಬದಿಯಲ್ಲಿ ‘ಈ ಸಾಲಿಗೆ ನೀರು ಹಾಕಬೇಡಿ’ ಎಂದು ದಪ್ಪಕ್ಷರದಲ್ಲಿ ಬರೆದು, ಕೋಲಿಗೆ ಸಿಕ್ಕಿಸಿ ಒಣ ಸಾಲಿನ ತಲೆಯಲ್ಲಿ ನೆಟ್ಟಳು.